ಓದಕ್ಕ ತಿರುಗಿಸದ ಪುಟ

ಕಾರ್ಖಾನೆಯ ನಮ್ಮ ಕೋಣೆಯಲ್ಲಿ ಮಿಷನ್ನುಗಳಿಲ್ಲ. ಕಿಟಕಿ ಕಡೆಗೊಂದು, ಗೋಡೆ ಕಡೆಗೊಂದು ಉದ್ದನೆಯ ಮೇಜು. ಅಂಗಿಯ ಗುಂಡಿಗಳನ್ನು ರಟ್ಟಿನ ಕಾರ್ಡಿಗೆ ಸಾಲಾಗಿ ಹೊಲಿಯುವ ಹೆಂಗಸರು ನಾವು. ಸೂಜಿ ಸದ್ದು ಮಾಡುವುದಿಲ್ಲ, ಬಾಯಿ ಮಾಡುತ್ತದೆ. ಬಾಯಿ ಬಿಟ್ಟರೆ ಜಗಳ. ಅದಕ್ಕೇ ಹಿಂದೆ ಯಾರೋ ಪುಣ್ಯಾತ್ಗಿತ್ತಿ ಒಂದು ಪದ್ಧತಿ ಹಾಕಿಟ್ಟಿದ್ದಳು: ಒಬ್ಬಳು ಗಟ್ಟಿಯಾಗಿ ಪುಸ್ತಕ ಓದಬೇಕು, ಉಳಿದವರು ತಾವು ಹೊಲಿದ ಕಾರ್ಡುಗಳಲ್ಲಿ ಒಂದೆರಡನ್ನು ಅವಳ ಡಬ್ಬಿಗೆ ಹಾಕಿ ಅವಳ ಪಾಲಿನ ಕೆಲಸ ತುಂಬಿಸಬೇಕು.

ಆ ಓದುವವಳೇ ನಮ್ಮ ಓದಕ್ಕ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಅವಳ ವಿಷಯದಲ್ಲಿ ಕೆಸರೂ ಬಾಯಿಗೇ, ಮೊಸರೂ ಬಾಯಿಗೇ ಅಂತ ನಾವು ನಗುತ್ತಿದ್ದೆವು. ಅವಳೂ ನಗುತ್ತಿದ್ದಳು. ಆದರೆ ಒಳಗಿನ ಸಂಗತಿ ಎಲ್ಲರಿಗೂ ಗೊತ್ತಿತ್ತು. ಅವಳ ಬೆರಳುಗಳು ಗಂಟು ಕಟ್ಟಿ ಶುಂಠಿ ಬೇರಿನ ಹಾಗೆ ಆಗಿದ್ದವು, ಸೂಜಿ ಹಿಡಿಯುವ ಕಾಲ ಮುಗಿದಿತ್ತು. ಓದು ನಿಂತ ದಿನ ಆ ಕೋಣೆಯಲ್ಲಿ ಅವಳಿಗೆ ಜಾಗವಿಲ್ಲ. ಮನೆಯಲ್ಲಿ ಕಾಯುವವರೂ ಇಲ್ಲ. ಗಂಡ ಎಂದೋ ಹೋದ, ಒಬ್ಬಳೇ ಮಗಳಿದ್ದಳಂತೆ, ಅವಳೂ ಚಿಕ್ಕಂದಿನಲ್ಲೇ ಹೋದಳಂತೆ. ಹೇಗೆ ಎಂದು ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ.

ಆ ವರ್ಷ ಅವಳು ಲೈಬ್ರರಿಯಿಂದ ಒಂದು ದೆವ್ವದ ಕಾದಂಬರಿ ತಂದಳು. ಓದುವವರೆಲ್ಲ ಹೆಸರು ಕೇಳಿದ್ದ ಪುಸ್ತಕ. ದಪ್ಪ ಎಷ್ಟೆಂದರೆ ತಲೆದಿಂಬು ಬೇಡ, ಅದನ್ನೇ ಇಟ್ಟುಕೊಂಡು ಮಲಗಬಹುದು. ಒಂದು ಹಳೇ ಬಂಗಲೆ, ಅದರ ಮಹಡಿಯಲ್ಲಿ ಮುಚ್ಚಿದ ಬಾಗಿಲು. ಆ ಬಾಗಿಲ ಹಿಂದಿನಿಂದ ಸತ್ತವರು ತಮ್ಮವರನ್ನು ಕೂಗಿ ಕರೆಯುತ್ತಾರೆ. ಓಗೊಟ್ಟು ತೆಗೆದವರು ಮತ್ತೆ ಕೆಳಗಿಳಿಯುವುದಿಲ್ಲ.

ಶುರುವಾದ ವಾರದಲ್ಲೇ ಕೋಣೆ ಎರಡು ಪಾಲಾಯಿತು. ಕಿಟಕಿ ಮೇಜಿನವರು ನಾವು, ಇಂಥ ಪುಸ್ತಕ ಹುಟ್ಟಿಯೇ ಇಲ್ಲ ಅಂದೆವು. ಗೋಡೆ ಮೇಜಿನವರಿಗೆ ಅದು ಹನುಮಂತನ ಬಾಲ. ಅವರ ಮುಂದಾಳು ಬೇರೆ ಯಾರೂ ಅಲ್ಲ, ನನ್ನ ಸ್ವಂತ ನಾದಿನಿ. ದೆವ್ವ ಅಂದಮೇಲೆ ಬರಬೇಕು, ಹೊಡೀಬೇಕು, ಹೋಗಬೇಕು. ಇದೇನು ನೆಂಟರ ಹಾಗೆ ಬಾಗಿಲಲ್ಲೇ ನಿಂತು ಕಾಲ ಕಳೆಯುವುದು ಅಂತ ಅವಳ ವಾದ. ಅನ್ನ ಬೇಯುವ ತನಕ ಕಾಯುವ ತಾಳ್ಮೆಯೂ ನಿನಗಿಲ್ಲ ಅಂತ ನಾನು. ಮನೆಯಲ್ಲಿ ಎಣ್ಣೆ ಸೀಗೆಕಾಯಿ, ಕೆಲಸದಲ್ಲೂ ಅದೇ.

ಜಗಳ ನಮ್ಮೊಳಗೇ ಇದ್ದಿದ್ದರೆ ಚೆನ್ನಾಗಿತ್ತು. ಹೆದರಿ ಬೆಚ್ಚಿದವರು ಬೆರಳಿಗೆ ಸೂಜಿ ಚುಚ್ಚಿಕೊಂಡು ಬಿಳಿ ಕಾರ್ಡುಗಳ ಮೇಲೆ ರಕ್ತದ ಚುಕ್ಕೆ ಮಾಡಿದರು. ಮೇಸ್ತ್ರಿ ಬಂದು ಹಾಳಾದ ಕಾರ್ಡುಗಳನ್ನು ಎತ್ತಿ ತೋರಿಸಿ, ಇನ್ನೊಂದು ಸಲ ಈ ಪುಸ್ತಕದಿಂದ ಗಲಾಟೆಯಾದರೆ ಓದುವ ಪದ್ಧತಿಯನ್ನೇ ತೆಗೆದುಹಾಕುತ್ತೇನೆ ಅಂದ. ಓದಕ್ಕನ ಮುಖ ಸುಣ್ಣದಂತಾಯಿತು. ನಾದಿನಿಯೂ ಅವತ್ತು ಸುಮ್ಮನಾದಳು. ಪುಸ್ತಕ ಬೇಡ ಅಂದವಳೇ ಹೊರತು ಓದಕ್ಕ ಬೇಡ ಅಂದವಳಲ್ಲ.

ಆಮೇಲೆ ಕತೆಯಲ್ಲಿ ಒಂದು ಮಗು ಸತ್ತಿತು. ಅಲ್ಲಿಂದ ಪುಸ್ತಕದ ದನಿಯೇ ಬದಲಾಯಿತು. ದೆವ್ವ ಎಲ್ಲೋ ಹೋಯಿತು. ಆ ಮಗುವಿನ ತಾಯಿ ಮಹಡಿಯ ಮೆಟ್ಟಿಲ ಮೇಲೆ ಕೂತಳು. ಒಳಗಿನಿಂದ ಮಗು ಕರೆಯುತ್ತದೆ, ಬಾಯಾರಿಕೆ ಅನ್ನುತ್ತದೆ, ಕೂದಲು ಸಿಕ್ಕಾಗಿದೆ ಬಿಡಿಸು ಅನ್ನುತ್ತದೆ. ತಾಯಿ ಚಿಲಕದ ಮೇಲೆ ಕೈ ಇಡುತ್ತಾಳೆ, ಮತ್ತೆ ಕೈ ಹಿಂದಕ್ಕೆಳೆದುಕೊಳ್ಳುತ್ತಾಳೆ. ದಿನಗಟ್ಟಲೆ ಇಷ್ಟೇ. ಗೋಡೆ ಮೇಜು ಆಕಳಿಸಿತು. ನಮ್ಮ ಮೇಜಿನಲ್ಲೂ ಕೆಲವರು ಪಕ್ಷ ಬದಲಿಸಿದರು. ನಾನು ಬದಲಿಸಲಿಲ್ಲ. ಹೊಲಿಯುತ್ತಾ ಹೊಲಿಯುತ್ತಾ ಕಣ್ಣೀರು ಕಾರ್ಡಿನ ಮೇಲೆ ಬಿದ್ದರೆ ಸೆರಗಿನಿಂದ ಒತ್ತಿ ಒರೆಸಿಬಿಡುತ್ತಿದ್ದೆ. ರಕ್ತವಲ್ಲವಲ್ಲ, ಕಲೆ ಉಳಿಯುತ್ತಿರಲಿಲ್ಲ.

ನಾದಿನಿಗೆ ತಡೆಯಲಾಗಲಿಲ್ಲ. ದೆವ್ವ ಯಾವಾಗ ಬರುತ್ತದೋ ನೋಡೇಬಿಡೋಣ ಅಂತ ಎಲ್ಲಿಂದಲೋ ಅದೇ ಪುಸ್ತಕದ ಇನ್ನೊಂದು ಪ್ರತಿ ತಂದು ಮನೆಯಲ್ಲಿ ಓದಿದಳು. ಮಾರನೇ ದಿನ ಅದನ್ನು ಕೋಣೆಗೇ ತಂದು ಮೇಜಿನ ಮೇಲಿಟ್ಟಳು. ಇದರಲ್ಲಿ ಮೆಟ್ಟಿಲೂ ಇಲ್ಲ, ಕೂತ ತಾಯಿಯೂ ಇಲ್ಲ, ಅಕ್ಕ ಇಷ್ಟು ದಿನ ಓದಿದ್ದು ಯಾವುದನ್ನು ಅಂತ ಕೇಳಿದಳು. ಕೇಡಿನಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ಗದ್ದಲಕ್ಕೆ ಮೇಸ್ತ್ರಿಯೂ ಬಂದು ನಿಂತ.

ಓದಕ್ಕ ಸುಳ್ಳು ಹೇಳಲಿಲ್ಲ. ತನ್ನ ಪುಸ್ತಕ ಬಿಡಿಸಿ ಒಂದು ಪುಟದ ಮೇಲೆ ಆ ಸೊಟ್ಟ ಬೆರಳು ಇಟ್ಟಳು.

"ಆ ಮಗು ಇಲ್ಲಿ ಅರ್ಧ ಪುಟದಲ್ಲಿ ಸತ್ತುಹೋಗುತ್ತೆ ಕಣ್ರೇ. ಮುಂದಿನ ಪುಟದಲ್ಲಿ ಅದರ ಹೆಸರೂ ಇಲ್ಲ. ಅವರಮ್ಮ ಎಲ್ಲರ ಜೊತೆ ಊಟಕ್ಕೆ ಕೂತಿದಾಳೆ. ನನ್ನ ಕೈಲಿ ಆ ಪುಟ ತಿರುಗಿಸೋಕೆ ಆಗ್ಲಿಲ್ಲ."

ಮೇಸ್ತ್ರಿ ಕೆಟ್ಟವನೇನಲ್ಲ, ಆದರೆ ಅವನಿಗೆ ಲೆಕ್ಕ ಬೇಕು. ಓದುತ್ತೀಯ ಅಂತ ಇವರೆಲ್ಲ ನಿನ್ನ ಕೆಲಸ ಮಾಡಿಕೊಟ್ಟದ್ದು, ಕತೆ ಕಟ್ಟಿ ಹೇಳುತ್ತೀಯ ಅಂತಲ್ಲ; ನಾಳೆಯಿಂದ ಅಚ್ಚಾದದ್ದು ಅಚ್ಚಾದ ಹಾಗೆ ಓದು, ಇಲ್ಲವೇ ಸೂಜಿ ಹಿಡಿ ಅಂದ.

ಮಾರನೇ ದಿನ ಅವಳು ಓದಿದಳು. ಮಗು ಸಾಯುವ ಅರ್ಧ ಪುಟವನ್ನು ಒಂದಕ್ಷರ ಬಿಡದೆ ಓದಿದಳು. ಪುಟದ ಕೊನೆಗೆ ಬಂದು ನಿಂತಳು. ತಿರುಗಿಸಮ್ಮಾ, ಒಂದು ಹಾಳೆ ತಾನೇ, ಜಾಗ ಉಳೀತದೆ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಪುಸ್ತಕ ಮುಚ್ಚಿ ಸೂಜಿ ಎತ್ತಿಕೊಂಡಳು. ನಾದಿನಿ ಎದ್ದು ಬಂದು ದಾರ ಪೋಣಿಸಿ ಕೊಟ್ಟಳು. ಸಂಜೆಗೆ ಡಬ್ಬಿಯಲ್ಲಿದ್ದದ್ದು ಒಂದೇ ಕಾರ್ಡು, ಅದರಲ್ಲೂ ಗುಂಡಿಗಳು ಸಡಿಲ. ನಾವು ಕದ್ದುಮುಚ್ಚಿ ನಮ್ಮ ಕಾರ್ಡು ಹಾಕಿದೆವು. ಅವಳು ಒಂದೊಂದನ್ನೂ ವಾಪಸು ಇಟ್ಟಳು. ಓದದೆ ತಗೊಳ್ಳುವುದು ಭಿಕ್ಷೆ ಅಂದಳು. ಆ ವಾರ ಕಳೆದ ಮೇಲೆ ಅವಳು ಬರಲಿಲ್ಲ.

ಪುಸ್ತಕವನ್ನು ನಾದಿನಿ ಮುಂದುವರಿಸಿದಳು. ದೆವ್ವ ಬಂತು, ಹೊಡೆಯಿತು, ಹೋಯಿತು. ಅವಳು ಕೇಳಿದ್ದ ಹಾಗೇ ಇತ್ತು. ಆದರೂ ಯಾರೂ ಬೆಚ್ಚಲಿಲ್ಲ. ಒಂದು ದಿನ ಗೋಡೆ ಮೇಜಿನಲ್ಲಿ ಎಲ್ಲರಿಗಿಂತ ಜೋರಾಗಿ ಆಕಳಿಸುತ್ತಿದ್ದವಳೇ ತಲೆಯೆತ್ತದೆ ಕೇಳಿದಳು, ಆ ತಾಯಿ ಬಾಗಿಲು ತೆಗೆದಳೇನು ಕೊನೆಗೆ ಅಂತ. ನಾದಿನಿ ಓದು ನಿಲ್ಲಿಸಿದಳು. ಉತ್ತರ ಗೊತ್ತಿದ್ದವಳು ಒಬ್ಬಳೇ. ಅವಳನ್ನು ಕರೆಸೋಣ, ಕಟ್ಟಿಯೇ ಹೇಳಲಿ ಅಂತ ನಾದಿನಿಯೇ ಅಂದಾಗ ಮೊದಲ ಸಲ ಎರಡೂ ಮೇಜಿನವರ ಕೈ ಒಟ್ಟಿಗೆ ಮೇಲೆದ್ದವು. ಮೇಸ್ತ್ರಿ ನೋಡಿದ, ಬೇಡವೆನ್ನಲಿಲ್ಲ. ಆದರೆ ಕುರ್ಚಿ ಖಾಲಿ ಇಡಲು ಮೇಲಿನವರು ಬಹಳ ದಿನ ಬಿಡುವುದಿಲ್ಲ, ಬೇಗ ಹೋಗಿ ಬನ್ನಿ ಅಂದ.

ಊಟದ ಬಿಡುವಿನಲ್ಲಿ ನಾನೂ ನಾದಿನಿಯೂ ಹೋದೆವು. ಒಂದೇ ಕೋಣೆಯ ಮನೆ. ಓದಕ್ಕ ಮಂಚದ ಮೇಲೆ ಕೂತು ಕೈಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದಳು. ನಮ್ಮನ್ನು ಕಂಡು ಖುಷಿಪಟ್ಟಳು, ಗೋಡೆ ಮೇಜೂ ಕೈ ಎತ್ತಿತು ಅಂದಾಗ ನಕ್ಕಳು. ನಾದಿನಿ ಬಾಗಿಲ ವಿಷಯ ಕೇಳಿಯೇಬಿಟ್ಟಳು. ಓದಕ್ಕ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು.

"ತೆಗೆದ್ಲು ಕಣೇ. ಆಸ್ಪತ್ರೆಯಿಂದ ಮನೆಗೆ ಹೋಗಿದ್ಲು, ಮಗಳಿಗೆ ಬೇರೆ ಬಟ್ಟೆ ತರೋಣ ಅಂತ. ವಾಪಸ್ಸು ಬಂದು ವಾರ್ಡಿನ ಬಾಗಿಲು ತೆಗೆದ್ರೆ ಹಾಸಿಗೆ ಮೇಲೆ ಹೊಸ ಚಾದರ ಹಾಕಿದಾರೆ. ಬೇರೆ ಯಾರದೋ ಮಗು ಮಲಗಿತ್ತು. ಇದನ್ನ ಆ ಕೋಣೇಲಿ ಹೇಗೆ ಓದ್ಲಿ, ನೀನೇ ಹೇಳು."

ನಾದಿನಿ ಅವಳ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತಳು. ಬಾ ಅಂತ ಮತ್ತೆ ಕರೆಯುವ ಬಾಯಿ ನಮ್ಮಿಬ್ಬರಿಗೂ ಇರಲಿಲ್ಲ. ದಾರಿಯುದ್ದಕ್ಕೂ ನಾವಿಬ್ಬರೂ ಜಗಳವಾಡಲಿಲ್ಲ. ನಾವು ಕೋಣೆಗೆ ಬಂದಾಗ ಗಂಟೆ ಹೊಡೆದಿತ್ತು, ಎಲ್ಲರೂ ತಲೆ ತಗ್ಗಿಸಿ ಹೊಲಿಯುತ್ತಿದ್ದರು. ಓದಕ್ಕನ ಕುರ್ಚಿಯಲ್ಲಿ ಬೇರೆ ಯಾರೋ ಹೆಂಗಸು ಕೂತಿದ್ದಳು.