ಅಳತೆಯ ಬಾಡಿ, ಹಿತ್ತಲ ಬಿಸಿಲು

ನರೇಗಲ್ಲಿನ ನಮ್ಮ ಮನೆಯ ಹಿತ್ತಲಲ್ಲಿ ಬೇವಿನ ಗಿಡದಿಂದ ಬಚ್ಚಲಗೋಡೆಯ ಗೂಟದವರೆಗೆ ಒಂದು ಪುಂಡಿನಾರಿನ ಹಗ್ಗ ಕಟ್ಟಿತ್ತು. ಬಟ್ಟೆ ಒಣಹಾಕುವ ಆ ಬಡಪಾಯಿ ಹಗ್ಗಕ್ಕೂ ಒಂದು ದರ್ಬಾರಿನ ಶಿಸ್ತು ಇತ್ತೆಂದರೆ ನೀವು ನಗಬಾರದು. ಬಿಸಿಲು ಮೊದಲು ಬೀಳುವ ತುದಿಯಲ್ಲಿ ಅಪ್ಪನ ಧೋತರ, ರುಮಾಲು. ಆಮೇಲೆ ಅವ್ವನ ಇಳಕಲ್ಲ ಸೀರೆ. ಅದರ ಪಕ್ಕಕ್ಕೆ ಅಜ್ಜಿಯ ಖಣದ ಕುಬಸಗಳು. ಕಟ್ಟಕಡೆಗೆ, ಬಚ್ಚಲಗೋಡೆಯ ನೆರಳಿನಲ್ಲಿ, ನನ್ನ ಪರಕರ. ಆ ಪರಕರದ ಮಡಿಕೆಯೊಳಗೆ, ಯಾರ ಕಣ್ಣಿಗೂ ಬೀಳದಂತೆ ಒಣಗುತ್ತಿದ್ದದ್ದು ನನ್ನ ಬಾಡಿ. ಒಣಗುತ್ತಿತ್ತು ಎನ್ನುವುದು ದೊಡ್ಡ ಮಾತಾಯಿತು. ಹಸಿಯಾಗಿಯೇ ದಿನ ಕಳೆಯುತ್ತಿತ್ತು. ಈಗಿನ ಹುಡುಗಿಯರು ಬ್ರಾ ಅನ್ನುವುದನ್ನು ಐವತ್ತರ ದಶಕದ ನಾವು ಬಾಡಿ ಅನ್ನುತ್ತಿದ್ದೆವು. ಅದನ್ನೂ ಗಟ್ಟಿಯಾಗಿ ಅನ್ನುತ್ತಿರಲಿಲ್ಲ.

ನಮ್ಮ ಸೀಮೆಯಲ್ಲಿ ಬಿಸಿಲಿಗೇನು ಬರಗಾಲವೇ? ಜೋಳ ಒಣಗುವುದು ಅದರಲ್ಲೇ, ಮೆಣಸಿನಕಾಯಿ ಕೆಂಪಾಗುವುದು ಅದರಲ್ಲೇ. ಶ್ಯಾವಿಗೆ, ಹಪ್ಪಳ, ಹಾಸಿಗೆ, ಗೆದ್ದಲು ಹತ್ತಿದ ಪುಸ್ತಕ, ಮೊಣಕಾಲು ನೋವಿನ ಅಜ್ಜಿ, ಎಲ್ಲಕ್ಕೂ ಎಲ್ಲರಿಗೂ ಹಿತ್ತಲಲ್ಲಿ ಬಿಸಿಲಿನ ಪಾಲಿತ್ತು. ಹೆಣ್ಣಿನ ಎದೆಗೆ ಅತ್ಯಂತ ಹತ್ತಿರದ ಆ ಒಂದು ಬಟ್ಟೆಗೆ ಮಾತ್ರ ಇರಲಿಲ್ಲ. ಅದೇಕೆ ಹಾಗೆ ಎಂದು ಆಗ ನಾನು ಕೇಳಲಿಲ್ಲ, ಮನೆಯಲ್ಲಿ ಮತ್ಯಾರೂ ಕೇಳಲಿಲ್ಲ.

ಅಜ್ಜಿ ಎಂದರೆ ನನ್ನ ತಾಯಿಯ ತಾಯಿ, ಗಜೇಂದ್ರಗಡದವಳು. ಕಿರಿಮಗಳು ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದು ಇದ್ದಳು. ಅವಳಿಗೆ ಬಾಡಿಯ ಹಂಗಿರಲಿಲ್ಲ. ಖಣದ ಕುಬಸದ ಎರಡು ತುದಿಗಳನ್ನು ಎದೆಯ ಕೆಳಗೆ ಗಂಟು ಹಾಕಿದರೆ ಅವಳ ಸಿಂಗಾರ ಮುಗಿಯಿತು. ಹಬ್ಬದೂಟ ಜಾಸ್ತಿಯಾದರೆ ಗಂಟು ತುಸು ಸಡಿಲ, ಕೆಲಸಕ್ಕೆ ನಿಂತರೆ ತುಸು ಬಿಗಿ. ಮೈ ಹೇಗಿದೆಯೋ ಬಟ್ಟೆ ಹಾಗೆ ಕೇಳುತ್ತಿತ್ತು. ನನ್ನ ಬಾಡಿಯೋ, ತಾನು ಹೇಳಿದಂತೆ ಮೈ ಕೇಳಬೇಕೆನ್ನುವ ಜಾತಿಯದು.

ಅದು ನನ್ನ ಪಾಲಿಗೆ ಬಂದದ್ದು ಹೀಗೆ. ಹದಿನಾರನೆಯ ವಯಸ್ಸಿನಲ್ಲಿ ನಾನು ಓದಲು ಧಾರವಾಡಕ್ಕೆ ಹೊರಟಾಗ, ಊರು ದೊಡ್ಡದು, ಠಾಕಠೀಕ ಇರಬೇಕು ಎಂದು ಅವ್ವ ತಾನೇ ಕೂತು ಕೈಯಿಂದ ಒಂದು ಬಾಡಿ ಹೊಲಿದಳು. ಅದೇ ಮುಂದೆ ಅಳತೆಯ ಬಾಡಿ ಆಯಿತು. ನಿಮಗೆ ಗೊತ್ತಿರಬಹುದು, ನಮ್ಮ ಕಡೆಯ ದರ್ಜಿ ಹೆಂಗಸರ ಮೈಗೆ ಟೇಪು ಹಚ್ಚುತ್ತಿರಲಿಲ್ಲ. ಹಳೆಯದೊಂದನ್ನು ಅಳತೆಗೆ ಕೊಟ್ಟರೆ ಅದರಂತೆ ಹೊಸದನ್ನು ಹೊಲಿದುಕೊಡುವುದು ವಾಡಿಕೆ. ಪ್ರತಿವರ್ಷ ಅವ್ವ ಆ ಅಳತೆಯ ಬಾಡಿಯನ್ನು ಪೇಪರಿನಲ್ಲಿ ಸುತ್ತಿ, ಮೇಲೊಂದು ದಾರ ಕಟ್ಟಿ, ಪೇಟೆಯ ದರ್ಜಿ ಖಾದರ ಕಾಕಾನಿಗೆ ಮುಟ್ಟಿಸುತ್ತಿದ್ದಳು. ಅವನೂ ಅಷ್ಟೇ ನಿಷ್ಠೆಯಿಂದ, ಒಂದು ನೂಲೆಳೆ ಹೆಚ್ಚುಕಡಿಮೆಯಾಗದಂತೆ, ಹೊಸದೆರಡನ್ನು ಅದೇ ಪೇಪರಿನಲ್ಲಿ ಸುತ್ತಿ ಕಳಿಸುತ್ತಿದ್ದ. ನಾನು ಓದು ಮುಗಿಸಿದೆ, ಊರಿನ ಹೆಣ್ಣುಮಕ್ಕಳ ಶಾಲೆಗೆ ಅಕ್ಕೋರಾಗಿ ಬಂದೆ, ಇಪ್ಪತ್ತಮೂರು ದಾಟಿದೆ, ನಾಲ್ಕು ಜನ ತಿರುಗಿ ನೋಡುವಂತೆ ಮೈಕೈ ತುಂಬಿಕೊಂಡೆ. ಅಳತೆ ಮಾತ್ರ ಹದಿನಾರರಲ್ಲೇ ಉಳಿಯಿತು. ಬಿಗಿ ಆಗತದ ಅಂತ ಒಮ್ಮೆ ಅವ್ವನಿಗೆ ಹೇಳಿದೆ. "ಬಿಗಿ ಇರಲಿ ಅಂತನ ಹಾಕ್ಕೊಳ್ಳೂದು" ಎಂದು ಅವಳು ಒಲೆಯ ಕಡೆ ತಿರುಗಿದಳು.

ಶಾಲೆಯಲ್ಲಿ ಕರಿಹಲಗೆಯ ಫಳಿಯ ಮೇಲೆ ಬರೆಯಲು ಕೈ ಎತ್ತಿದರೆ ಕಂಕುಳಲ್ಲಿ ಕೊಯ್ದಂತಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮಗ್ಗಿ ಹೇಳಿಕೊಡಲು ಉಸಿರು ಸಾಲದೆ, ಹುಡುಗಿಯರಿಂದಲೇ ಹೇಳಿಸಿ ಕೂತುಬಿಡುತ್ತಿದ್ದೆ. ಅಕ್ಕೋರು ಭಾಳ ಚಲೋ, ನಮಗಽ ಹೇಳಾಕ ಬಿಡತಾರ ಎಂದು ಅವು ಖುಷಿಪಡುತ್ತಿದ್ದವು. ಸಂಜೆ ಮನೆಗೆ ಬಂದು ಕೋಣೆಯ ಅಗುಳಿ ಹಾಕಿ, ಬೆನ್ನಿನ ಹುಕ್ಕುಗಳನ್ನು ಒಂದೊಂದಾಗಿ ಬಿಚ್ಚಿದಾಗ ಎದೆಯೊಳಗೆ ಇಳಿಯುತ್ತಿದ್ದ ಆ ಮೊದಲ ಪೂರ್ತಿ ಉಸಿರಿದೆಯಲ್ಲ, ಅದರ ಸುಖವನ್ನು ಬಲ್ಲವರೇ ಬಲ್ಲರು. ಹಾಗೆಂದು ಅದು ನನ್ನ ವೈರಿಯೆಂದೂ ಹೇಳಲಾರೆ. ಒಂದು ದಿನ ಹಟ ಹಿಡಿದು ಅದನ್ನು ಹಾಕದೆ ಹೋದೆ. ಹುಡುಗಿಯರಿಗೆ ಲೇಜಿಮ್ ಕಲಿಸುತ್ತ ಕುಣಿದಾಗ ಎದೆ ಜಗ್ಗಿ ನೋವಾಯಿತು, ಮನಸ್ಸಿಗೂ ಕಸಿವಿಸಿ. ಹಾಕಿದರೆ ಒಂದು ಬಗೆಯ ತ್ರಾಸು, ಬಿಟ್ಟರೆ ಇನ್ನೊಂದು ಬಗೆಯದು.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಒಂದು ಸಂಜೆ, ಹುಕ್ಕು ಬಿಚ್ಚಿದಾಗ, ಎಡಗಡೆ ಎದೆಯ ಬುಡದಲ್ಲಿ ಕಡಲೆಕಾಳಿನಷ್ಟು ದಪ್ಪದ ಒಂದು ಗಂಟು ಬೆರಳಿಗೆ ಸಿಕ್ಕಿತು. ಅಜ್ಜಿಯ ಕಿರಿಮಗಳು, ನನ್ನ ಚಿಗವ್ವ, ಸತ್ತದ್ದು ಎದೆಯ ಗಂಟಿನಿಂದ. ಅವಳು ಅದನ್ನು ಯಾರಿಗೂ ಹೇಳದೆ ವರ್ಷವಿಡೀ ಸೆರಗಿನಲ್ಲಿ ಮುಚ್ಚಿಟ್ಟಳು. ದವಾಖಾನೆಗೆ ಒಯ್ದಾಗ ಡಾಕ್ಟರರು ಏನೂ ಮಾಡುವಂತಿರಲಿಲ್ಲ. ಇದೆಲ್ಲ ಗೊತ್ತಿದ್ದೂ, ನಾಲ್ಕು ಅಕ್ಷರ ಕಲಿತ ನಾನೂ ಅವಳು ಮಾಡಿದ್ದನ್ನೇ ಮಾಡಿದೆ. ಹೇಳಿದರೆ ಅದು ನಿಜವಾಗುತ್ತದೆ, ಹೇಳದಿದ್ದರೆ ತಾನೇ ಹೋದೀತು ಎಂಬ ಹುಚ್ಚು ನಂಬಿಕೆ. ಬಾಡಿಯನ್ನು ಇನ್ನಷ್ಟು ಬಿಗಿದು ಹಾಕಿಕೊಂಡೆ. ಒಂದೂವರೆ ತಿಂಗಳು, ರಜೆಯ ದಿನಗಳಲ್ಲೂ, ನಾನು ನನ್ನ ಸಾವಿನ ಜೊತೆಗೇ ಉಂಡು ಮಲಗಿದೆ.

ಒಂದು ಶನಿವಾರ ಅಜ್ಜಿ ನನಗೆ ಎಣ್ಣೆ ಹಚ್ಚಿ ಎರೆಯಲು ಕೂತಳು. ನಮ್ಮಲ್ಲಿ ಎಷ್ಟೇ ದೊಡ್ಡವರಾದರೂ ಮನೆಯ ಹಿರಿಯಳು ಎರೆಯುವಾಗ ಬೇಡವೆನ್ನುವಂತಿಲ್ಲ. ಬೆನ್ನು ತಿಕ್ಕುತ್ತಿದ್ದ ಅವಳ ಕೈ ಬಾಡಿಯ ಪಟ್ಟಿ ಮೂಡಿಸಿದ ಕೆಂಪು ಗೆರೆಯ ಮೇಲೆ ನಿಂತಿತು.

"ಇದೇನಽ ಇದು, ಬರಿ ಎಳದಂಗ ಆಗೇತಿ?"

"ಏನಿಲ್ಲ ಆಯಿ, ಬೆವರಸಾಲಿ."

ಆ ಗೆರೆಯನ್ನು ಹಿಡಿದುಕೊಂಡೇ ಅವಳ ಬೆರಳು ಪಕ್ಕೆಯಿಂದ ಮುಂದಕ್ಕೆ ಬಂದು ಗಂಟಿನ ಮೇಲೆ ನಿಂತಿತು. ತಂಬಿಗೆಯನ್ನು ಕೆಳಗಿಟ್ಟಳು.

"ಎಷ್ಟ ದಿನಾ ಆತು?"

"ಒಂದೂವರಿ ತಿಂಗಳು."

ಅಜ್ಜಿ ಬಚ್ಚಲಗಲ್ಲಿನ ಮೇಲೆ ಕುಸಿದು ಕೂತಳು. "ನಿಮ್ಮ ಚಿಗವ್ವನೂ ನನಗ ಬೆವರಸಾಲಿ ಅಂತನ ಹೇಳಿದ್ಲು. ನಾ ನಂಬಿದ್ದೆ. ಇನ್ನೊಮ್ಮೆ ನಂಬೂದಿಲ್ಲ ತಂಗಿ. ನಾಡದ ಸೋಮವಾರ ನರಗುಂದಕ್ಕ ಹೋಗೂಣು, ಅಲ್ಲಿ ಡಾಕ್ಟರಬಾಯಿ ಅದಾರ."

ರೋಣದ ಮೇಲೆ ಹಾದು ಹೋಗುವ ಬಸ್ಸಿನಲ್ಲಿ ಅಜ್ಜಿ ನನ್ನ ಕೈಯನ್ನು ಬಿಡಲೇ ಇಲ್ಲ. ಬೆಳವಣಕಿಯ ಗುರುತಿನ ಹೆಂಗಸೊಬ್ಬಳು ಎಲ್ಲಿಗೆ ಹೊಂಟೀರಿ ಎಂದು ಕೇಳಿದರೆ, "ನನ್ನ ಕಣ್ಣ ತೋರಸಾಕ" ಎಂದಳು, ಸೂಜಿಗೆ ದಾರ ಪೋಣಿಸಲು ಯಾರನ್ನೂ ಕರೆಯದ ನನ್ನ ಅಜ್ಜಿ. ನಗು ಬರಬೇಕಿತ್ತು, ಬರಲಿಲ್ಲ.

ಡಾಕ್ಟರಬಾಯಿ ಬಹಳ ಹೊತ್ತು ನೋಡಿದರು. ಒತ್ತಿ ನೋಡಿದರು, ಕಂಕುಳಲ್ಲಿ ನೋಡಿದರು, ಇನ್ನೊಂದು ಬದಿಯನ್ನೂ ನೋಡಿದರು. ಕಡೆಗೆ ಅವರು ನೋಡಿದ್ದು ನನ್ನನ್ನಲ್ಲ, ಕುರ್ಚಿಯ ಮೇಲೆ ಮಡಿಸಿಟ್ಟಿದ್ದ ನನ್ನ ಬಾಡಿಯನ್ನು. ಕೈಯಲ್ಲಿ ಹಿಡಿದು, "ಇದು ಇನ್ನೂ ಹಸೀನ ಐತಲ್ಲ" ಎಂದರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟರು. "ಹೆದರಬ್ಯಾಡವಾ. ನೀ ಅಂದುಕೊಂಡ ಗಂಟಲ್ಲ ಇದು. ಪಟ್ಟಿ ತಿಕ್ಕಿ ತಿಕ್ಕಿ ಚರ್ಮದಾಗ ಗುಳ್ಳಿ ಎದ್ದು ಗಟ್ಟಿ ಆಗೇತಿ, ಅಷ್ಟ."

"ಖರೇನ್ರಿ?" ಎಂದಳು ಅಜ್ಜಿ.

"ಖರೇ ಅಜ್ಜಿ."

"ಇನ್ನೊಮ್ಮೆ ನೋಡ್ರಿ ತಾಯಿ."

ಅವರು ಬೇಸರಿಸದೆ ಇನ್ನೊಮ್ಮೆ ನೋಡಿದರು, ಇನ್ನೊಮ್ಮೆ ಅದನ್ನೇ ಹೇಳಿದರು. ಹದಿನೈದು ದಿನ ಬಾಡಿ ಹಾಕುವಂತಿಲ್ಲ, ಬಿಸಿನೀರಿನ ಶಾಖ, ಮುಲಾಮು. ತಿರುಗಿ ಬಂದು ತೋರಿಸಲೇಬೇಕು. ಅಳತೆ ಯಾರು ತೆಗೆದದ್ದೆಂದು ಕೇಳಿದಾಗ ನಾನು ಪೇಪರಿನ ಪೊಟ್ಟಣದ ಕತೆ ಹೇಳಿದೆ; ಅವರು ನಕ್ಕುಬಿಟ್ಟರು.

"ಹಂಗಾದ್ರ ಇದನ್ನ ಹಾಕ್ಕೊಳ್ಳೂದ ಕೆಟ್ಟ ಅಲ್ರಿ?" ಅಜ್ಜಿಗೆ ಗೆದ್ದ ಉಮೇದು.

"ಹಾಕ್ಕೊಂಡ್ರ ದೊಡ್ಡ ಜಡ್ಡ ಬರತಾವು ಅನ್ನೂದೂ ಸುಳ್ಳು, ಬಿಟ್ರ ಬರತಾವು ಅನ್ನೂದೂ ಸುಳ್ಳು. ನಿಮಗ ಕುಬಸ ಆರಾಮ, ಆಕಿಗೆ ಸಾಲಿಯೊಳಗ ಇದು ಆರಾಮ. ಮೈಗೆ ಸರಿಯಾಗಿರಲಿ, ಬಿಸಿಲಾಗ ಒಣಗಲಿ, ಮನಿಗೆ ಬಂದ ಮ್ಯಾಲ ಬಿಚ್ಚಿಡಲಿ. ಗಂಟು ಸಿಕ್ಕರ ಮಾತ್ರ ಮುಚ್ಚಿಡಬಾರದು, ಯಾವ ಗಂಟಾದರೂ."

ಹೊರಗೆ ಬಂದು ಅಜ್ಜಿ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಚಿಗವ್ವ ಸತ್ತ ದಿನ ಎಲ್ಲರನ್ನೂ ಸಂತೈಸುತ್ತ ಓಡಾಡಿದವಳು, ಅಂದಿನದನ್ನೂ ಸೇರಿಸಿ ಇಂದು ಅತ್ತಂತಿತ್ತು. ನನಗೆ ಅಳು ಬರಲಿಲ್ಲ, ಹಸಿವೆಯಾಯಿತು. ಒಂದೂವರೆ ತಿಂಗಳ ನಂತರ ನನಗೆ ಖರೇ ಹಸಿವೆಯಾಯಿತು. ಬಸ್ಸು ನಿಲ್ಲುವಲ್ಲಿ ಇಬ್ಬರೂ ಗಿರಮಿಟ್ಟು ತಿಂದೆವು. ಹೊರಗಿನ ಚಹಾ ಮುಟ್ಟದ ಅಜ್ಜಿ ಒಂದು ಕಪ್ಪು ಕುಡಿದು, ಸಕ್ಕರೆ ಕಡಿಮೆಯಾಯಿತೆಂದು ತಕರಾರು ಮಾಡಿ, ಇನ್ನೊಂದು ಕುಡಿದಳು.

ಆ ಹದಿನೈದು ದಿನ ನಾನು ಅವಳ ಹಳೆಯ ಕುಬಸ ಗಂಟು ಹಾಕಿಕೊಂಡು ಮನೆತುಂಬ ಓಡಾಡಿದೆ. ಎದೆಯ ಗಂಟು ಕಡಲೆಯಷ್ಟಿದ್ದದ್ದು ಜೋಳದಷ್ಟಾಗಿ, ಸಾಸಿವೆಯಷ್ಟಾಗಿ, ಒಂದು ಬೆಳಿಗ್ಗೆ ಬೆರಳಿಗೆ ಸಿಗದೆ ಹೋಯಿತು. ನರಗುಂದಕ್ಕೆ ಎರಡನೆಯ ಸಲ ಹೋದದ್ದು ಬರೀ ನಗಲಿಕ್ಕೆ.

ಶಾಲೆ ತೆರೆಯುವ ಮುಂಚೆ ಅಜ್ಜಿ ಒಂದು ನೂಲು ತಂದು ನನ್ನ ಎದೆಯ ಸುತ್ತ ಹಿಡಿದು, ಎರಡು ಕಡೆ ಗಂಟು ಹಾಕಿ, ಅದನ್ನು ಅಂಗೈಯಲ್ಲೇ ಹಿಡಿದುಕೊಂಡು ಖಾದರ ಕಾಕಾನ ಅಂಗಡಿಗೆ ತಾನೇ ಹೋದಳು. ಪೇಪರಿನಲ್ಲಿ ಸುತ್ತಲಿಲ್ಲ. ನಾನು ಹಿಂದೆ ನಾಚಿಕೊಂಡು ನಿಂತಿದ್ದೆ. ಅವನು ನೂಲನ್ನು ಬಟ್ಟೆಯ ಮೇಲೆ ಚಾಚಿ ನೋಡಿ ನಿಟ್ಟುಸಿರು ಬಿಟ್ಟ.

"ಪ್ರತೀ ವರ್ಷ ನನಗೂ ಅನಸತಿತ್ತು ಆಯಿ, ಅಕ್ಕೋರು ಏನ ಬೆಳಿಯಾಕತ್ತಿಲ್ಲಲ್ಲ ಅಂತ. ಆದ್ರ ಕೇಳೂದು ಹ್ಯಾಂಗ?"

ಅವ್ವ ಕೇಳಲು ನಾಚಿದಳು, ಅವನು ಕೇಳಲು ಅಂಜಿದ, ನಾನು ಇನ್ನೊಮ್ಮೆ ಹೇಳಲು ಹಿಂಜರಿದೆ. ಮೂವರೂ ಮರ್ಯಾದಸ್ಥರೇ. ಆ ಮರ್ಯಾದೆಯ ಬೆಲೆಯನ್ನು ತೆತ್ತದ್ದು ನನ್ನ ಪಕ್ಕೆಲುಬು. ಚಿಗವ್ವ ತೆತ್ತದ್ದನ್ನು ನೆನೆದರೆ ನನ್ನದು ಬಹಳ ಅಗ್ಗದಲ್ಲೇ ಮುಗಿಯಿತು. ಅಳತೆಯ ಬಾಡಿಯನ್ನು ಅಜ್ಜಿ ಒಲೆಯಿಂದ ಪಾತ್ರೆ ಇಳಿಸುವ ಮಸಿಯರಿವೆ ಮಾಡಿಬಿಟ್ಟಳು.

ಹೊಸದನ್ನು ಮೊದಲ ಸಲ ಒಗೆದ ದಿನ ನಾನು ರೂಢಿಯಂತೆ ಪರಕರದ ಮಡಿಕೆಗೆ ಕೈಹಾಕಿದೆ. ಅಜ್ಜಿ ಅದನ್ನು ನನ್ನ ಕೈಯಿಂದ ಕಸಿದುಕೊಂಡು ಹಗ್ಗದ ಬಿಸಿಲಿನ ತುದಿಗೆ ನಡೆದಳು. ಅಲ್ಲಿ ಅಪ್ಪನ ಧೋತರ ಹರವಿತ್ತು, ಜಾಗವಿರಲಿಲ್ಲ; ಬೇವಿನ ಗಿಡದ ಪಕ್ಕಕ್ಕೆ ಉಳಿದಿದ್ದ ಚೂರು ಹಗ್ಗದ ಮೇಲೆ ಅದನ್ನು ಹೇಗೋ ತೂಗುಹಾಕಿ ಒಳಗೆ ಹೋದಳು. ಅಷ್ಟರಲ್ಲಿ ಅಪ್ಪ ಹಿತ್ತಲಿಗೆ ಬಂದ. ನಾನು ಬಚ್ಚಲಿನ ಬಾಗಿಲ ಹಿಂದೆ ಉಸಿರು ಹಿಡಿದು ನಿಂತೆ. ಅಜ್ಜಿಯಿಂದ ಎಲ್ಲ ಕೇಳಿದ್ದ ಅವ್ವ ಅವನಿಗೆ ಎಷ್ಟು ಹೇಳಿದ್ದಳೋ ತಿಳಿಯದು. ಅವನು ಹಗ್ಗದ ಮುಂದೆ ತುಸು ಹೊತ್ತು ನಿಂತ. ಧೋತರದ ನೆರಳು ಬಾಡಿಯ ಮೇಲೆ ಬಿದ್ದಿತ್ತು. ತನ್ನ ಧೋತರವನ್ನು ಎರಡೂ ಕೈಯಿಂದ ಹಿಡಿದು ಎರಡು ಗೇಣು ಆಚೆಗೆ, ಬಚ್ಚಲಗೋಡೆಯ ಕಡೆಗೆ, ಸರಿಸಿದ. ಬಿಸಿಲು ಬಿದ್ದಿತೋ ಇಲ್ಲವೋ ನೋಡಿದ. ಒಳಗೆ ಹೋದ.