ಕೆಂಪಿಯ ಮುಂದೆ ಸೋಗು

ಮಾದಿಹಳ್ಳಿಯ ಪುಟ್ಟರಾಜುವಿನ ಬಾಯಲ್ಲಿ ಸದಾ ಒಂದೇ ಬೈಗುಳ: ಸೋಗಲಾಡಿ. ತಾವಲ್ಲದ್ದನ್ನು ತಾವೆಂದು ತೋರಿಸಿಕೊಳ್ಳುವವರೆಲ್ಲ ಅವನ ಲೆಕ್ಕದಲ್ಲಿ ಸೋಗಲಾಡಿಗಳೇ. ಗರಿಗರಿ ಬಿಳಿ ಪಂಚೆ ಉಟ್ಟು ಲೀಡರ್ ಆದವನು ಸೋಗಲಾಡಿ. ಕಪ್ಪು ಕನ್ನಡಕ ಹಾಕಿ ಹಳೇಬೀಡಿನಲ್ಲಿ ಫೋಟೊ ತೆಗೆಸಿಕೊಂಡ ಬೀಗನೂ ಸೋಗಲಾಡಿ. ಕೆಲಸದ ಹೊತ್ತಿಗೆ ಸರಿಯಾಗಿ ಸೊಂಟ ಹಿಡಿಯುವ ಪಕ್ಕದ ಮನೆ ವೆಂಕಟಲಕ್ಷ್ಮಮ್ಮನಂತೂ ಸೋಗಲಾಡಿಗಳ ಮಹಾರಾಣಿ. ಊರಿಗೆಲ್ಲ ತಾನೊಬ್ಬನೇ ಅಪ್ಪಟ.

ಹೆಂಡತಿ ಲಲಿತಮ್ಮ ಮೊಮ್ಮಗುವಿನ ನಾಮಕರಣಕ್ಕೆ ಅರಸೀಕೆರೆಗೆ ಹೊರಟಾಗ, "ಕೆಂಪಿ ನಿಮ್ಗೆ ಬಗ್ಗಾಕಿಲ್ಲ ಕಣ್ರೀ" ಎಂದು ಎಚ್ಚರಿಸಿದ್ದಳು.

"ಹೋಗ್ ಹೋಗು! ನೀನಿಲ್ದಿದ್ರೆ ಕೊಟ್ಟಿಗೆ ನಡೆಯಾಕಿಲ್ವಾ?" ಎಂದು ಮೀಸೆ ತಿರುವಿದ.

ಸಂಜೆ ಹಾಲು ಕರೆಯಲು ಕೂತಾಗ ಹಸು ಕೆಂಪಿ ಒದ್ದ ಬಕೆಟ್ಟು ತಿಪ್ಪೆಯ ಹತ್ತಿರ ಸಿಕ್ಕಿತು. ಬೆಳಗಿನ ಹೊತ್ತಿಗೆ ಕೆಚ್ಚಲು ಕಲ್ಲಾಗಿತ್ತು. ಬಾವು ಬಂದರೆ ಹಸುವೂ ಕೆಟ್ಟಿತು, ಹೆಂಡತಿಯ ಮುಂದೆ ಮಾನವೂ ಹೋಯಿತು. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಇಂಥದ್ದಕ್ಕೆ ಊರಲ್ಲಿರುವ ಉಪಾಯ ಒಂದೇ: ದಿನಾ ಕರೆಯುವವರ ಬಟ್ಟೆ ಉಟ್ಟು ಹಸುವನ್ನು ನಂಬಿಸುವುದು. ಲಲಿತಮ್ಮ ಕೊಟ್ಟಿಗೆಗೆ ಉಡುವ ಹಳೇ ಸೀರೆ ಸುತ್ತಿಕೊಂಡು, ಸೆರಗನ್ನು ಮೀಸೆಯವರೆಗೂ ಎಳೆದುಕೊಂಡು ಕುಳಿತ.

ಕೆಂಪಿ ಮೂಸಿ ಸುಮ್ಮನೆ ನಿಂತಿತು. ಹಾಲು ಮಾತ್ರ ಒಂದು ಹನಿಯೂ ಇಲ್ಲ.

ಬೇಲಿಯಾಚೆ ವೆಂಕಟಲಕ್ಷ್ಮಮ್ಮ ಸೊಂಟ ಹಿಡಿದುಕೊಂಡು ನಗುತ್ತಿದ್ದಳು. "ಸೀರೆ ಉಟ್ರೆ ಸಾಕೇನೋ ಪುಟ್ಟರಾಜು? ನಿನ್ನೆಂಡ್ತಿ ಯಾವತ್ತು ಬಾಯ್ ಮುಚ್ಕಂಡು ಹಾಲು ಕರೆದವ್ಳೆ? ನಿನ್ನ ಬೈಕಂಡೇ ಕರೆಯೋದು ಕಣೋ!"

ಮಾತು ನಿಜ. ಜಗಲಿಯಲ್ಲಿ ಕಾಲು ಚಾಚಿ, "ಏನೇ, ಕಾಫಿ ಆಯ್ತಾ?" ಎಂದು ಕೂಗುತ್ತ ಇಷ್ಟು ವರ್ಷ ಅದನ್ನೆಲ್ಲ ಕೇಳಿದ್ದ. ಗಂಟಲು ಸಣ್ಣ ಮಾಡಿ ಶುರುಹಚ್ಚಿಕೊಂಡ.

"ನೋಡೇ ಕೆಂಪಿ, ಕುಡಿದ ಲೋಟ ಎತ್ತಿಡಾಕೂ ಆಗಲ್ಲ ಆ ಮನುಷ್ಯಂಗೆ..."

ಕೆಂಪಿ ಕಿವಿ ಅಲ್ಲಾಡಿಸಿತು. ಹಾಲು ಸೊರ್ರೆಂದು ಇಳಿಯಿತು.

"ಜ್ವರ ಬಂದು ಮಲಗಿದ್ರೆ, ಸಾರಿಗೆ ಉಪ್ಪಿಲ್ಲ ಅಂದ. ನಾನು ಉಂಡ್ನೋ ಬಿಟ್ನೋ, ಒಂದ್ ದಿನ ಕೇಳವ್ನಾ?"

ಬೈಯುತ್ತ ಬೈಯುತ್ತ ಅವನ ದನಿ ತಗ್ಗಿತು. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಸೀರೆ ಉಟ್ಟಿದ್ದಕ್ಕಿಂತ ಆ ನಿಜಕ್ಕೇ ಅವನಿಗೆ ಹೆಚ್ಚು ನಾಚಿಕೆಯಾಯಿತು.

ತಲೆ ಎತ್ತಿದರೆ, ಮೊದಲ ಬಸ್ಸಿಗೇ ಬಂದಿಳಿದ ಲಲಿತಮ್ಮ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಾಳೆ! ಗಾಬರಿಯಿಂದ ಸೆರಗು ಕಿತ್ತೊಗೆಯಲು ಹೋದ.

"ನಿಲ್ಲಿಸ್ಬ್ಯಾಡಿ, ಹಾಲು ಇನ್ನೂ ಐತೆ" ಎಂದಳು. ಕಣ್ಣೊರೆಸಿಕೊಂಡಳು, ನಗುವಿಗೋ ಅಳುವಿಗೋ ತಿಳಿಯಲಿಲ್ಲ. ಆಮೇಲೆ ನೆಟ್ಟಗೆ ಜಗಲಿಗೆ ಹೋಗಿ, ಅವನ ಜಾಗದಲ್ಲೇ ಕಾಲು ಚಾಚಿ ಕೂತು, ಗಂಟಲು ದಪ್ಪ ಮಾಡಿ ಕೂಗಿದಳು:

"ಏನೇ, ಕಾಫಿ ಆಯ್ತಾ?"