ಬಾಯಮ್ಮನ ಬೆರಳು, ನನ್ನ ಕಮಾನು

ಬಾಯಮ್ಮನ ಬಲಗಾಲಿನ ಚಪ್ಪಲಿ ಹಿಮ್ಮಡಿಯ ಹತ್ತಿರ ಯಾವಾಗಲೂ ಸವೆದಿರುತ್ತಿತ್ತು. ಎಡಗಾಲಿನದು ಹೊಸದರ ಹಾಗೆಯೇ. ಪಿಟೀಲು ಬಾರಿಸುವಾಗ ಬಲಗಾಲನ್ನು ನೆಲಕ್ಕೆ ಬಡಿಯುವ ಅಭ್ಯಾಸ ಅವರದು. ಗೋಡೆಯ ಈಚೆ, ನೈಟ್ ಡ್ಯೂಟಿ ಮುಗಿಸಿ ಬಂದ ನನ್ನ ಗಂಡ ಮಲಗಿರುತ್ತಿದ್ದರು. ಆ ಬಡಿತ ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

ತೊಂಬತ್ತರ ದಶಕ, ಕೊಲ್ಲಿ ದೇಶದ ದುಖಾನ್ ಎಂಬಲ್ಲಿನ ಎಣ್ಣೆ ಕಂಪೆನಿಯ ಕ್ವಾರ್ಟರ್ಸು. ಬಾಯಮ್ಮ ಅಲ್ಲಿನ ಕ್ಲಿನಿಕ್ಕಿನ ನರ್ಸು, ಒಂಟಿ ಹೆಂಗಸು. ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಂಗಸರನ್ನು ನಾವು ಬಾಯಮ್ಮ ಎಂದೇ ಕರೆಯುವುದು. ಇವರು ಊರಲ್ಲಿ ಅಪ್ಪನ ಜೊತೆ ಮದುವೆ ಮನೆಗಳಲ್ಲಿ ಪಿಟೀಲು ಬಾರಿಸಿ ಬೆಳೆದವರು. ಇಲ್ಲಿ ಕಾಲು ಮುರಿದುಕೊಂಡು ವಾರ್ಡಿನಲ್ಲಿ ಬಿದ್ದಿದ್ದ ಒಬ್ಬ ಅಮೆರಿಕದ ಮುದುಕ ಅವರಿಗೆ ಕೇಜನ್ ಪಿಟೀಲು ಕಲಿಸಿದ. ಅವನ ದೇಶದ ಲೂಸಿಯಾನಾ ಎಂಬ ಸೀಮೆಯಲ್ಲಿ ಫ್ರೆಂಚ್ ಮಾತಾಡುವ ಹಳ್ಳಿಯವರು ಕುಣಿಯಲಿಕ್ಕೆ ಬಾರಿಸುವುದಂತೆ. ಎರಡು ತಂತಿ ಒಟ್ಟಿಗೆ ಉಜ್ಜಬೇಕು, ಕಾಲಲ್ಲಿ ತಾಳ. ಬರೆದುಕೊಳ್ಳುವುದಿಲ್ಲ, ಎದುರು ಕೂತು ಕೇಳಿ ಕಲಿಯುವುದು.

“ಇಗರ್ಜಿಯಲ್ಲಿ ಕೂತವಳ ಹಾಗೆ ಬಾರಿಸ್ತಿ, ಜನ ಎದ್ದು ಕುಣಿಯುವುದು ಯಾವಾಗ?” ಎಂದು ಮುದುಕ ಬೈದನಂತೆ.

ಅವನು ತನ್ನ ದೇಶಕ್ಕೆ ಮರಳಿದ ಮೇಲೆ ಬಾಯಮ್ಮ ಶುಕ್ರವಾರಗಳಂದು ಕ್ಯಾಂಪಿನ ಮಕ್ಕಳಿಗೆ ಕಲಿಸತೊಡಗಿದರು. ಕೈ ಕುದುರುವಷ್ಟರಲ್ಲಿ ಅಪ್ಪಂದಿರ ಕಾಂಟ್ರಾಕ್ಟ್ ಮುಗಿಯುತ್ತಿತ್ತು. “ಖಲಾಸ್, ಇನ್ನೊಬ್ಬ ಹೋದ” ಎನ್ನುತ್ತಾ ಕುರ್ಚಿ ಮಡಚಿಡುತ್ತಿದ್ದರು. ಜಗಳಕ್ಕೆಂದು ಹೋದ ನಾನು ಮಗಳನ್ನು ಅಲ್ಲಿಗೇ ಸೇರಿಸಿ ಬಂದೆ. ಹೇಗೂ ಗದ್ದಲ ತಪ್ಪುವುದಿಲ್ಲ, ಕಲಿತಾದರೂ ಕಲಿಯಲಿ ಎಂದು. ಕೊನೆಗೆ ಉಳಿದವಳು ಅವಳೊಬ್ಬಳೇ.

ಆಮೇಲೆ ಬಾಯಮ್ಮನ ಬಲಭುಜ ಹಿಡಿದುಕೊಂಡಿತು. ಕೈ ಎದೆಮಟ್ಟಕ್ಕೂ ಏಳದು. ಕೆಲಸ ಬಿಟ್ಟು ಊರಿಗೆ ಹೊರಡಬೇಕಾಯಿತು. ಅಷ್ಟರಲ್ಲಿ ಅಮೆರಿಕದಲ್ಲಿ ಮುದುಕ ಸತ್ತ ಸುದ್ದಿಯೂ ಬಂತು. ಅವನು ತನ್ನ ತಾಯಿಯಿಂದ ಕಲಿತ ಒಂದು ನಿಧಾನದ ಕುಣಿತದ ಮಟ್ಟು ಬಾಯಮ್ಮನೊಬ್ಬರಲ್ಲೇ ಉಳಿದಿತ್ತು. ಮಗಳಿಗೆ ಅದಿನ್ನೂ ಬಂದಿರಲಿಲ್ಲ.

“ಬಾಯಲ್ಲಿ ಹಾಡಿ ತೋರ್ಸಿ ಬಾಯಮ್ಮ,” ಎಂದೆ.

“ಎರಡು ತಂತಿ ಒಟ್ಟಿಗೆ ಹಾಡ್ಲಿಕ್ಕೆ ನಂಗೆಂತ ಎರಡು ಗಂಟಲು ಉಂಟಾ? ಬಾ ಮಾರಾಯ್ತಿ, ಕಮಾನು ನೀನು ಎಳಿ.”

“ನಂಗೆಂತ ಗೊತ್ತುಂಟು?”

“ತೆಂಗಿನಕಾಯಿ ತುರೀತಿಯಲ್ಲ? ಅಷ್ಟೇ. ನಾನು ಕಾಲು ಬಡಿದ ಕೂಡ್ಲೆ ತಿರುಗ್ಸು. ಯಲ್ಲಾ, ಶುರು ಮಾಡು!”

ಒಂದೇ ಪಿಟೀಲು, ತಂತಿಯ ಮೇಲೆ ಅವರ ಎಡಗೈ ಬೆರಳು, ಕಮಾನಿನಲ್ಲಿ ನನ್ನ ಬಲಗೈ. ಎದುರಿಗೆ ಮಗಳು ತನ್ನ ಪಿಟೀಲು ಹಿಡಿದು ಕೂತಿದ್ದಳು. ಮೊದಮೊದಲು ಬೆಕ್ಕು ಅತ್ತ ಹಾಗಾಯಿತು. ಮಗಳು ನಕ್ಕಳು, ಬೈಸಿಕೊಂಡಳು. ಆಮೇಲೆ ಮಟ್ಟು ಬಂತು. ಆದರೆ ಕೊನೆಯ ಭಾಗದಲ್ಲಿ ನನ್ನ ರಟ್ಟೆ ಸೋತು ಒಂದು ಕಡೆ ಕಮಾನು ತಡವಾಗಿ ತಿರುಗುತ್ತಿತ್ತು. ಮಗಳೂ ಅಲ್ಲಿ ಹಾಗೆಯೇ ಎಳೆದಳು. ಅವಳು ಕೇಳಿದ್ದೇ ಅದನ್ನು.

“ಅಲ್ಲಿ ನಂದು ತಪ್ಪಾಯ್ತು,” ಎಂದೆ.

ಬಾಯಮ್ಮ ಗೋಡೆಗೆ ತಲೆಯಾನಿಸಿ ಕೂತಿದ್ದರು. “ಇರ್ಲಿ ಬಿಡು. ಸೋತ ಕೈ ಹಾಗೇ ಬಾರಿಸೋದು. ಇನ್ನೊಂದು ಸಲ ಎಳಿ.”

ಊರಿಗೆ ಹೋದ ಮರುವರ್ಷ ಅವರು ತೀರಿಕೊಂಡರು. ನಾವು ಹೋಗಲಿಲ್ಲ, ರಜೆ ಸಿಗಲಿಲ್ಲ.

ಈಗ ಮಗಳು ಹತ್ತಾರು ಮಕ್ಕಳಿಗೆ ಆ ಮಟ್ಟು ಕಲಿಸುತ್ತಾಳೆ. ಮೊನ್ನೆ ಮೊಮ್ಮಗಳು ಬಾರಿಸಿದಳು. ಅವಳೂ ಆ ಜಾಗದಲ್ಲಿ ಒಂದಿಷ್ಟು ತಡೆದೇ ಕಮಾನು ತಿರುಗಿಸಿದಳು. ನಾನು ತಿದ್ದಲಿಲ್ಲ. ಅಲ್ಲಿ ಸರಿ ಯಾವುದೆಂದು ಗೊತ್ತಿದ್ದ ಇಬ್ಬರೂ ಮಣ್ಣಿನಡಿ ಇದ್ದಾರೆ.